ಹೂಂಗುಟ್ಟುವವಳು

ಆ ಸದ್ದು ತನ್ನದೇ ಎಂಬುದು ಸೌಜನ್ಯಾಳಿಗೆ ಮೊದಲ ಸಲ ಕೇಳಿಸಿದಾಗಲೇ ಗೊತ್ತಾಗಿಹೋಗಿತ್ತು. ಆದರೂ ರೆಕಾರ್ಡಿಂಗ್ ಮಾಡುವ ಶಮಂತ್ ಬೆಳಗಿನ ರಿಹರ್ಸಲ್ಲಿನ ಮುದ್ರಣವನ್ನು ಹಿಂದಕ್ಕೆ ತಿರುಗಿಸಿ, ದನಿ ಏರಿಸಿ, ಚರ್ಚಿನ ಕಲ್ಲುಗೋಡೆಗಳಿಗೂ ಕೇಳುವಂತೆ ಮತ್ತೊಮ್ಮೆ ಹಾಕಿದಾಗ, ಬೇರೆಯವರದಿದ್ದರೂ ಇರಬಹುದೇನೋ ಎಂಬಂತೆ ಅವಳು ತಲೆ ಓರೆ ಮಾಡಿ ಕೇಳಿದಳು. ಮೊರಾಗಳ ಎಪ್ಪತ್ತೆಂಟು ವರ್ಷದ ದನಿ ಗೇಲಿಕ್ ಭಾಷೆಯ ಒಂದು ಸಾಲು ಹಾಡಿ ನಿಲ್ಲುತ್ತದೆ. ಮೇಜಿನ ಸುತ್ತ ಕೂತ ಏಳು ಹೆಂಗಸರ ಕೈಗಳು ಒದ್ದೆ ಉಣ್ಣೆಬಟ್ಟೆಯನ್ನು ತಾಳಕ್ಕೆ ಎತ್ತಿ ಬಡಿಯುವುದಕ್ಕೆ ಮೊದಲು ಕೂದಲೆಳೆಯಷ್ಟು ಬಿಡುವು. ಆ ಬಿಡುವಿನೊಳಗೆ, ಗಂಟಲಿಗೂ ಮೂಗಿಗೂ ನಡುವಿನ ಯಾವುದೋ ಓಣಿಯಿಂದ ಹೊರಟ ಹಾಗೆ, 'ಹೂಂ.' ಆಮೇಲೆ ಧಪ್ಪೆಂದು ಬಟ್ಟೆ. ಮತ್ತೊಂದು ಸಾಲು. 'ಹೂಂ.' ಧಪ್. ಒಂದೇ ಹಾಡಿನಲ್ಲಿ ಆರು ಕಡೆ. ಶಮಂತ್ ಗುರುತು ಹಾಕಿಟ್ಟಿದ್ದ.

"ಯಾರೋ ಗುನುಗ್ತಾ ಇದ್ದೀರಿ," ಎಂದಳು ಕ್ಯಾರನ್. ವಾದ್ಯಗಳಿಲ್ಲದೆ, ಬರೀ ಕಂಠದಿಂದ, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸಿನ ಹಳೆಯ ಹಾಡುಗಳನ್ನು ಹಾಡುವ ಈ ಏಳು ಜನರನ್ನು ಕಟ್ಟಿದವಳು, 'ಸಾಲ್ಟ್ ಅಂಡ್ ವೂಲ್' ಎಂದು ಹೆಸರಿಟ್ಟವಳು ಅವಳು. "ಬೈಯೋದಿಲ್ಲ. ಯಾರು ಅಂತ ಗೊತ್ತಾದ್ರೆ ಸಾಕು. ಮೂರೂಕಾಲಿಗೆ ಜನ ಬಂದು ಕೂತಿರ್ತಾರೆ. ರೆಕಾರ್ಡಿಂಗ್ ಒಂದೇ ಸಲ."

ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ನಿಧಾನವಾಗಿ, ತಾವು ನೋಡುತ್ತಿಲ್ಲವೆಂಬಂತೆ, ಎಲ್ಲರೂ ಬ್ರಾನ್ವೆನ್ ಕಡೆ ನೋಡಿದರು. ವೇಲ್ಸಿನ ಬ್ರಾನ್ವೆನ್‌ಗೆ ನಿನ್ನೆಯಿಂದ ನೆಗಡಿ. ತೊಡೆಯ ಮೇಲೆ ಟಿಶ್ಯೂ ಡಬ್ಬಿ ಇಟ್ಟುಕೊಂಡೇ ಹಾಡಿದ್ದಳು. ಅವಳ ಕಿವಿಗಳು ಕೆಂಪೇರಿದವು. "ನನ್ನ ಮೂಗೇ ಇರ್ಬೇಕು. ಸಾರಿ," ಎಂದಳು, ಮಾಡದ ತಪ್ಪನ್ನೂ ಥಟ್ಟನೆ ಒಪ್ಪಿಕೊಳ್ಳುವ ಜನರ ಆ ಒಂದು ಬಗೆಯ ನಗುವಿನಲ್ಲಿ. ಸೌಜನ್ಯಾ ಬಾಯಿ ತೆರೆಯಬೇಕಾದ ಗಳಿಗೆ ಅದು. ಬಾಯಿಯಲ್ಲಿ ಗಂಟಲಿನ ಪೆಪ್ಪರಮಿಂಟು ಇತ್ತು. ಅದನ್ನು ಎಡದವಡೆಯಿಂದ ಬಲದವಡೆಗೆ ಸಾಗಿಸಿದಳು, ಅಷ್ಟೆ. ಕ್ಯಾರನ್ ಎರಡು ಬೆರಳಿಂದ ಹಣೆ ಒತ್ತಿಕೊಂಡು, ಬಟ್ಟೆಯ ಹಾಡಿಗೆ ಬ್ರಾನ್ವೆನ್ ಮೇಜಿನಲ್ಲಿ ಕೂರುವುದು ಬೇಡ, ಹಿಂದೆ ಆ ಕಂಬದ ಹತ್ತಿರ ನಿಲ್ಲಲಿ, ಮೈಕಿನಿಂದ ದೂರ, ಎಂದಳು. ಬ್ರಾನ್ವೆನ್ ಟಿಶ್ಯೂ ಡಬ್ಬಿ ಎತ್ತಿಕೊಂಡು ಕುರ್ಚಿಯನ್ನು ಸದ್ದಾಗದಂತೆ ಹಿಂದೆ ಸರಿಸಿದಳು. ಅವಳು ಕೂತಿದ್ದ ಕಡೆ ಬಟ್ಟೆಯ ಅಂಚು ಸಡಿಲಾಗಿ ಜೋತುಬಿತ್ತು.

ಸದ್ದು ಮಾಡಬಹುದಾದುದನ್ನೆಲ್ಲ ಸೌಜನ್ಯಾ ಬೆಳಿಗ್ಗೆ ಕೆಂಟನ್ನಿನ ಮನೆಯಲ್ಲೇ ಬಿಚ್ಚಿಟ್ಟು ಬಂದಿದ್ದಳು. ಬಳೆ, ಗಡಿಯಾರ, ನಡೆದರೆ ಚಿರ್ರೆನ್ನುವ ಬೂಟು. ಬಳೆ ಇದ್ದ ಜಾಗದಲ್ಲಿ ಮಣಿಕಟ್ಟು ಬೆಳ್ಳಗೆ, ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು. ಇಷ್ಟೆಲ್ಲ ಬಿಚ್ಚಿಟ್ಟವಳಿಗೆ ಮೂಗಿನ ಹಿಂದೆ ಕೂತಿದ್ದ ಅದೊಂದು ನೆನಪಾಗಲಿಲ್ಲ. ನೆನಪಾಗುವುದಾದರೂ ಹೇಗೆ, ಅದು ಅವಳು ಮಾಡುವ ಸದ್ದಾಗಿರಲೇ ಇಲ್ಲ. ಮೂರು ವರ್ಷದವಳಿದ್ದಾಗ ಆಯಿಯ, ಅಪ್ಪನ ತಾಯಿಯ, ಹೊಟ್ಟೆಗೆ ಬೆನ್ನು ಹಚ್ಚಿ ಮಲಗಿ ಕಲಿತದ್ದು. ಕತೆ ಹೇಳುವವರು ಒಂದು ಮಾತು ಮುಗಿಸಿ ನಿಂತರೆ ಕೇಳುವವರು ಹೂಂ ಅನ್ನಬೇಕು. ಅನ್ನದಿದ್ದರೆ ಕತೆ ಅಲ್ಲೇ ನಿಂತುಬಿಡುತ್ತದೆ. ರಾಜ ಎತ್ತಿದ ತುತ್ತು ಎತ್ತಿದ ಹಾಗೇ, ಕಳ್ಳನ ಒಂದು ಕಾಲು ಗೋಡೆಯ ಮೇಲೇ. ಆಯಿಯ ಕತೆಗಳಿಗೆ ಆ ಮನೆಯಲ್ಲಿ ಹೂಂಗುಟ್ಟುವ ಕೆಲಸ ಅವಳದೇ. ನಿದ್ದೆಯಲ್ಲೂ ಅನ್ನುತ್ತಿದ್ದಳಂತೆ. ಮೊರಾಗಳ ದನಿಯಲ್ಲಿ ಅದೇ ನಿಲುಗಡೆ ಇತ್ತು. ಮಾತು ತಿಳಿಯದಿದ್ದರೂ, ಹೊಸ ಮದುವೆಯ ಹೆಣ್ಣೊಬ್ಬಳು ದಡದಲ್ಲಿ ಗಂಡನ ದೋಣಿಗೆ ಕಾಯುತ್ತಾಳೆಂಬ ಅರ್ಥ ಕ್ಯಾರನ್ ಬರೆದುಕೊಟ್ಟ ಹಾಳೆಯಲ್ಲಷ್ಟೇ ಇದ್ದರೂ, ಆ ನಿಲುಗಡೆ ಸೌಜನ್ಯಾಳ ಮೂಗನ್ನು ಹಿಡಿದು ಎಳೆದಿತ್ತು.

ಹೇಳಿಬಿಡಬಹುದಿತ್ತು. ಹೇಳಿದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ, ಅದೇ ಅಂಜಿಕೆ. ಎಲ್ಲರೂ ಬಹಳ ಒಳ್ಳೆಯವರಾಗಿ ನಡೆದುಕೊಳ್ಳುತ್ತಿದ್ದರು. ಓಹ್, ಇವಳಾ, ಪಾಪ, ಎಂದು ಒಳಗೇ ಅಂದುಕೊಳ್ಳುತ್ತಿದ್ದರು. ಹೋದ ವರ್ಷ ಒಂದು ಸಭಾಂಗಣದಲ್ಲಿ ಹಾಡು ಮುಗಿದ ಮೇಲೆ ಮುದುಕರೊಬ್ಬರು ಅವಳೊಬ್ಬಳ ಕೈಯನ್ನು ಮಾತ್ರ ಕುಲುಕಿ, ನಿಮಗೆ ಇದು ಎಷ್ಟು ಕಷ್ಟವಾಗಿರಬೇಕು ಎಂದಿದ್ದರು. ಉಳಿದ ಆರು ಜನ ಆಗ ಜಾಕೆಟ್ ಹಾಕಿಕೊಳ್ಳುವುದರಲ್ಲಿ ಮುಳುಗಿದ್ದರು. ಅಕ್ಸ್‌ಬ್ರಿಡ್ಜ್‌ನ ಆಫೀಸಿನಲ್ಲಿ ಅವಳು ಏಳು ತಾಸು ಬೇರೆಯವರ ರಜೆ ಅರ್ಜಿಗಳನ್ನು ನೋಡುತ್ತಾಳೆ. ವಾರಕ್ಕೆ ಒಂದು ದಿನ, ಈ ಏಳರಲ್ಲಿ ಒಂದಾಗಿ, ಯಾರ ದನಿ ಯಾವುದೆಂದು ಗೊತ್ತಾಗದಂತೆ ಕಲಸಿಹೋಗುವ ಒಂದು ಗಳಿಗೆ ಅವಳಿಗೆ ಸಿಗುತ್ತದೆ. ಆ ಗಳಿಗೆಯಿಂದ ಈ ಹೂಂ ಅವಳೊಬ್ಬಳನ್ನು ಹೆಕ್ಕಿ ಹೊರಗಿಟ್ಟಿತ್ತು. ಹೊರಗೆ ನಿಂತವಳು ಮಾತ್ರ ಬ್ರಾನ್ವೆನ್.

ಹಿಂದಿನ ಕೋಣೆಯಲ್ಲಿ ಚಹಾದ ಪಾತ್ರೆಯ ಹತ್ತಿರ ಶಮಂತ್ ಸಿಕ್ಕ. ಮೈಕಿನ ತಂತಿಯನ್ನು ಮೊಣಕೈಗೂ ಹೆಬ್ಬೆರಳಿಗೂ ಸುತ್ತುತ್ತ, ಅವಳ ಕಡೆ ನೋಡದೆ, ಕನ್ನಡದಲ್ಲಿ ಅಂದ: "ಅದು ನೆಗಡಿ ಸದ್ದಲ್ಲ ಮಾರಾಯ್ರೆ."

ಅವಳು ಬಿಸಿನೀರಿನ ನಲ್ಲಿ ತಿರುವಿದಳು.

"ಕುಂದಾಪುರದಲ್ಲಿ ನಮ್ಮಜ್ಜಿಗೆ ಹನ್ನೆರಡು ವರ್ಷ ಹೂಂಗುಟ್ಟಿದವ ನಾನು. ಹೆಡ್‌ಫೋನಲ್ಲಿ ಕೇಳಿದ ಕೂಡ್ಲೇ ಬೆನ್ನು ನೆಟ್ಟಗಾಯ್ತು."

"ಹೇಳಬ್ಯಾಡ್ರಿ."

"ನಾನ್ಯಾಕೆ ಹೇಳ್ಲಿ? ಒಬ್ಬೊಬ್ಬರಿಗೂ ಒಂದೊಂದು ಮೈಕ್ ಉಂಟು. ಕ್ಯಾರನ್ ಮನೆಗೆ ಹೋಗಿ ಬಿಡಿಬಿಡಿಯಾಗಿ ಕೇಳಿದ್ರೆ ನಿಮ್ಮ ಮೈಕೇ ಹೇಳ್ತದೆ." ತಂತಿಯ ಸುರುಳಿ ಬಿಗಿದು ಕಟ್ಟಿದ. "ಮೂರಕ್ಕೆ ವಿಮಾನ ಇಳಿಯುವ ದಾರಿ ಬದಲಾಗ್ತದೆ. ಆಮೇಲೆ ಈ ಚರ್ಚಿನ ಮೇಲೆ ಅವುಗಳ ಸದ್ದಿಲ್ಲ. ಅಷ್ಟರೊಳಗೆ ಗಂಟಲು ಸರಿ ಮಾಡ್ಕೊಳ್ಳಿ."

ಗಂಟಲು. ಅವಳು ಚಹಾದ ಲೋಟ ಹಿಡಿದು ನಿಂತಳು. ಐದು ತಿಂಗಳ ಹಿಂದೆ, ಮನೆಯಲ್ಲಿ, ಆಯಿ ಮೆಂತ್ಯೆಸೊಪ್ಪು ಬಿಡಿಸುತ್ತ ಕತೆ ಹೇಳುತ್ತಿದ್ದಳು. ಅಪರೂಪಕ್ಕೆ, ತಾನಾಗಿಯೇ. ಒಬ್ಬ ಹುಡುಗಿ ಹೊಳೆಯ ನೀರು ನಡುಗುವುದನ್ನು ನೋಡಿ, ಇದಕ್ಕೆ ಥಂಡಿ ಹತ್ತಿದೆ ಎಂದುಕೊಂಡು, ಒಂದು ಚಳಿಗಾಲವೆಲ್ಲ ಕೂತು ಕಂಬಳಿ ನೇಯ್ದು, ಹೆಗಲ ಮೇಲೆ ಹಾಕಿಕೊಂಡು ದಂಡೆಗೆ ಬರುತ್ತಾಳೆ. ಸೌಜನ್ಯಾ ಕೂದಲ ಕೆಳಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಳು. ಮೊರಾಗಳ ಹಾಡಿನ ಪಲ್ಲವಿ, ಕ್ಯಾರನ್ ಹಾಡಿ ಕಳಿಸಿದ್ದು, ಬಾಯಿಪಾಠ ಆಗಬೇಕಿತ್ತು. ತಲೆ ಮಾತ್ರ ಆಡಿಸುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಮನೆ ಸುಮ್ಮನಾಗಿದ್ದು ಕಣ್ಣಿಗೆ ಕಂಡಿತು. ಆಯಿ ಸೊಪ್ಪಿನ ದಂಟುಗಳನ್ನು ಮಡಚಿ ಕಾಗದದಲ್ಲಿ ಕಟ್ಟುತ್ತಿದ್ದಳು. 'ಯಾಕ ಆಯಿ, ಹೇಳು.' 'ಹೂಂ ಅನ್ನಾವ್ರಿಲ್ಲದ ಮನ್ಯಾಗ ಕತಿ ಹೇಳಬಾರದು ತಂಗಿ. ಗ್ವಾಡಿ ಕೇಳಿ ಕಲೀತಾವು.' ಸಿಟ್ಟಿನಿಂದಲ್ಲ, ನಕ್ಕೇ ಅಂದಿದ್ದಳು. ಆಮೇಲೆ ಮಾತ್ರ ಒಂದು ಕತೆಯನ್ನೂ ಹೇಳಲಿಲ್ಲ. ಐದು ತಿಂಗಳಿನಿಂದ ಆ ಹುಡುಗಿ ಹೆಗಲ ಮೇಲೆ ಕಂಬಳಿ ಹೊತ್ತು ದಂಡೆಯಲ್ಲಿ ನಿಂತೇ ಇದ್ದಳು. ಟ್ಯೂಬ್ ರೈಲಿನಲ್ಲಿ, ಲಿಫ್ಟಿನಲ್ಲಿ, ರಜೆ ಅರ್ಜಿಗಳ ನಡುವೆ ಸೌಜನ್ಯಾಳಿಗೆ ಅವಳ ಬೆನ್ನು ಕಾಣುತ್ತಿತ್ತು. ಹೂಂ ಬೇಕಾದಲ್ಲಿ ಬರಲಿಲ್ಲ. ಬೇಡದ ಕಡೆ, ಎರಡು ಸಾವಿರ ಪೌಂಡಿನ ಮೈಕಿನೆದುರು, ಆರು ಸಲ ಬಂತು.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಅಪ್ಪ ನಾಗಲಿಂಗಪ್ಪ ಆಯಿಯನ್ನು ಕರೆದುಕೊಂಡು ಬಂದ. ಕಾಶವ್ವ ಆಯಿ ಇಳಕಲ್ ಸೀರೆಯ ಮೇಲೆ ಮೊಮ್ಮಗಳ ಹಳೆಯ ಪಫರ್ ಜಾಕೆಟ್ ಹಾಕಿ, ಹಣೆಯ ತುಂಬ ವಿಭೂತಿ ಹಚ್ಚಿ, ಮೂರನೆಯ ಸಾಲಿನ ಬೆಂಚಿನಲ್ಲಿ ಕಾಲು ಮೇಲೆ ಮಡಚಿ ಕೂತಳು. ಕರೆತರಬೇಡ ಎಂದು ಸೌಜನ್ಯಾ ನಿನ್ನೆ ಅಪ್ಪನಿಗೆ ಹೇಳುವುದರಲ್ಲಿದ್ದಳು. ಹೇಳಿರಲಿಲ್ಲ, ಹೇಳುವುದರಲ್ಲಿದ್ದಳೆಂಬುದು ಮಾತ್ರ ಒಳಗೆ ಕಲ್ಲಿನಂತೆ ಕೂತಿತ್ತು.

"ಅವ್ವಾ, ಇಲ್ಲೆ ಸಪ್ಪಳ ಮಾಡಂಗಿಲ್ಲ. ರೆಕಾರ್ಡ್ ಆಗ್ತೈತಿ," ಎಂದ ನಾಗಲಿಂಗಪ್ಪ, ಕಾರು ನಿಲ್ಲಿಸಿದ ಜಾಗ ಸರಿಯೋ ಇಲ್ಲವೋ ಎಂದು ಬಾಗಿಲ ಕಡೆಗೇ ನೋಡುತ್ತ.

"ಕೆಮ್ಮು ಬಂದ್ರ?"

"ನುಂಗು."

"ಸೀನು ಬಂದ್ರ?"

"ಅದನ್ನೂ ನುಂಗು."

"ಹಂಗಾರ ರಾತ್ರಿಗೆ ರೊಟ್ಟಿ ಬ್ಯಾಡ ಬಿಡು. ಇಲ್ಲೇ ಹೊಟ್ಟಿ ತುಂಬತೈತಿ."

ಮೂರೂಕಾಲಿಗೆ ಬಾಗಿಲು ಹಾಕಿದರು. ಇನ್ನೂರು ಜನ ಒಟ್ಟಿಗೆ ಸುಮ್ಮನಾಗುವ ಸದ್ದು, ದೊಡ್ಡ ಪರದೆ ಇಳಿದ ಹಾಗೆ. ಮೊದಲ ನಾಲ್ಕು ಹಾಡುಗಳು ಸಲೀಸಾಗಿ ಹೋದವು. ಅವುಗಳಲ್ಲಿ ಎಲ್ಲರೂ ಒಟ್ಟಿಗೆ ಹಾಡುವುದು, ಬಿಡುವಿಲ್ಲ, ಅಪಾಯವಿಲ್ಲ. ಐದನೆಯದು ಬಟ್ಟೆಯ ಹಾಡು. ಅದನ್ನು ಮೊರಾಗ್ ಇಲ್ಲಿಯ ತನಕ ಯಾವ ಯಂತ್ರದ ಮುಂದೆಯೂ ಪೂರ್ತಿ ಹಾಡಿರಲಿಲ್ಲ. ಅವಳ ದ್ವೀಪದಲ್ಲಿ ಅವಳ ತಾಯಿ ಹಾಡುತ್ತಿದ್ದುದು. ಎಲ್ಲಿಯೂ ಬರೆದಿಟ್ಟಿಲ್ಲ, ಅದರ ಸಾಲುಗಳು ಮತ್ತೆ ಯಾರಿಗೂ ಬಾರವು. ಉಳಿದವರಿಗೆ ಬರುವುದು ಅರ್ಥವಿಲ್ಲದ ಅಕ್ಷರಗಳ ಪಲ್ಲವಿ ಮಾತ್ರ. ಎಂಟು ವರ್ಷ ಬೇಡಬೇಡವೆಂದು, ಹೋದ ಶ್ರಾವಣದ ಸುಮಾರಿಗೆ, ಆಸ್ಪತ್ರೆಯ ಯಾವುದೋ ಕಾಗದ ಬಂದ ಮೇಲೆ, ಆಗಲಿ ಎಂದಿದ್ದಳು. ಈಗ ಒದ್ದೆ ಬಟ್ಟೆಯ ಮೇಲೆ ಅಂಗೈಗಳನ್ನಿಟ್ಟುಕೊಂಡು ಜನರಿಗೆ ವಿವರಿಸಿದಳು: ನೇಯ್ದ ಉಣ್ಣೆ ಹೀಗೆ ಬಡಿದು ಬಡಿದು ಕುಗ್ಗಬೇಕು, ಆಗಲೇ ಗಾಳಿ ನುಗ್ಗುವುದಿಲ್ಲ, ಬಡಿಯುವ ಬೇಸರಕ್ಕೆ ಹಾಡು. "ಒಂದೇ ಬಟ್ಟೆಯ ಮೇಲೆ ಒಂದೇ ಹಾಡನ್ನ ಎರಡು ಸಲ ಹಾಡ್ಬಾರದು. ಹಾಡಿದ್ರೆ ಉಟ್ಟವನಿಗೆ ಕೇಡು. ಹಾಗಾಗಿ ಸರಿಯಾಗಿ ಕೇಳ್ಕೊಳ್ಳಿ," ಎಂದಳು. ಜನ ನಕ್ಕರು. ಬೆಳಿಗ್ಗೆ ಬಡಿದದ್ದು ಬೇರೆ ಬಟ್ಟೆ, ಹಾಡಿದ್ದು ಮೊದಲ ಆರು ಸಾಲು ಮಾತ್ರ. ಬ್ರಾನ್ವೆನ್ ಕಂಬದ ಹತ್ತಿರ, ಕೋಟು ಕಾಯುವವಳಂತೆ ನಿಂತಿದ್ದಳು.

ಮೊದಲ ಸಾಲಿಗೇ ಸೌಜನ್ಯಾ ತುಟಿ ಕಚ್ಚಿದಳು. ಎರಡನೆಯದಕ್ಕೆ ಉಸಿರು ಹಿಡಿದಳು. ಹೂಂ ಮೇಲೇರಿ ಬಂದು ಹಲ್ಲಿಗೆ ಬಡಿದು ವಾಪಸು ಹೋಗುತ್ತಿತ್ತು. ಅದನ್ನು ತಡೆಯುವುದರಲ್ಲೇ ಅವಳ ಜೀವವೆಲ್ಲ ಖರ್ಚಾಗಿ ಪಲ್ಲವಿಗೆ ದನಿಯೇ ಉಳಿಯುತ್ತಿರಲಿಲ್ಲ. ಬಾಯಿ ಆಡುತ್ತಿತ್ತು, ಅಷ್ಟೆ. ಹಾಡು ಪೂರ್ತಿ ಶುದ್ಧವಾಗಿತ್ತು. ಬಿಡುವುಗಳು ತೊಳೆದಿಟ್ಟ ಬಟ್ಟಲಿನಂತೆ ಖಾಲಿ. ಕ್ಯಾರನ್ನಳ ಮುಖದಲ್ಲಿ ನೆಮ್ಮದಿ ಇತ್ತು. ಆ ಖಾಲಿಯೊಳಕ್ಕೆ ಮೊರಾಗ್ ಪ್ರತಿ ಸಲವೂ ಒಂದಿಷ್ಟು ಬಗ್ಗಿ ನೋಡುತ್ತಿದ್ದಳೆಂದು ಸೌಜನ್ಯಾಳಿಗೆ ಆರನೆಯ ಸಾಲಿಗೆ ಹೊಳೆಯಿತು. ಏನನ್ನೋ ಹುಡುಕುವ ಹಾಗೆ. ಏಳು. ಎಂಟು. ಒಂಬತ್ತನೆಯದಕ್ಕೆ ಮೊರಾಗ್ ಬಾಯಿ ತೆರೆದಳು. ಅಲ್ಲಿ ಮಾತಿರಲಿಲ್ಲ.

ಬಟ್ಟೆ ಬಡಿಯುವುದನ್ನು ಅವರು ಬಿಡಲಿಲ್ಲ. ಒಂದು ಸುತ್ತು. ಇನ್ನೊಂದು ಸುತ್ತು. ಕ್ಯಾರನ್ ಪಲ್ಲವಿಯನ್ನು ಸುಮ್ಮನೆ ಮತ್ತೊಮ್ಮೆ ಎತ್ತಿಕೊಂಡಳು. ಮುಗಿದ ಮೇಲೆ ಮತ್ತದೇ ಬಾವಿಯಂಥ ಖಾಲಿ. ಮೊರಾಗಳ ಕಣ್ಣುಗಳು ಎಲ್ಲಿಯೂ ನೆಡದೆ ಮೇಜಿನ ಮೇಲೆ ಅಲೆದಾಡುತ್ತಿದ್ದವು. ಕೈಗಳು ಒಂದೊಂದಾಗಿ ನಿಂತವು. ಒದ್ದೆ ಬಟ್ಟೆ ನಡುವೆ ಸತ್ತ ಪ್ರಾಣಿಯಂತೆ ಬಿದ್ದುಕೊಂಡಿತು. ಇನ್ನೂರು ಜನರ ಮರ್ಯಾದೆಯ ಮೌನ, ಉಸಿರೂ ಆಡದ, ಸಹಾಯ ಮಾಡದ ಆ ಮೌನ ಏರುತ್ತ ಏರುತ್ತ ಮುದುಕಿಯ ಗಲ್ಲದ ತನಕ ಬಂದಿತ್ತು. ದೋಣಿಗೆ ಕಾಯುವವಳು ದಡದಲ್ಲೇ ಇದ್ದಳು. ಆ ಇನ್ನೊಬ್ಬಳು ಕಂಬಳಿ ಹೊತ್ತು ಅವಳ ಪಕ್ಕದಲ್ಲೇ ಬಂದು ನಿಂತ ಹಾಗಾಯಿತು. ಸೌಜನ್ಯಾ ಮೂರನೆಯ ಸಾಲಿನ ಕಡೆ ನೋಡಿದಳು. ಆಯಿ ಸೆರಗನ್ನು ಉಂಡೆ ಮಾಡಿ ಎರಡೂ ಕೈಯಿಂದ ಬಾಯಿಗೆ ಒತ್ತಿ ಹಿಡಿದಿದ್ದಳು. ಕೆಮ್ಮಲ್ಲ, ಸೀನಲ್ಲ. ಹಾಡಿನ ಒಂದು ಮಾತೂ ತಿಳಿಯದೆ, ಅದರ ಮೊದಲ ಸಾಲಿನಿಂದಲೂ, ಆಯಿ ಅದನ್ನೇ ನುಂಗುತ್ತ ಕೂತಿದ್ದಳು. ಮಗ ಹೇಳಿದ್ದಾನೆಂದು. ಮೊಮ್ಮಗಳ ಮಾನ ಹೋಗಬಾರದೆಂದು.

"ಹೂಂ," ಎಂದಳು ಸೌಜನ್ಯಾ.

ಜಾರಿದ್ದಲ್ಲ. ಬೆನ್ನು ನೆಟ್ಟಗೆ ಮಾಡಿ, ತನ್ನ ಮೈಕಿಗೆ ಸರಿಯಾಗಿ, ಚರ್ಚಿನ ಚಾವಣಿಗೆ ತಾಗಿ ಮರಳಿ ಬರುವಂತೆ. ಕ್ಯಾರನ್ ಸರ್ರನೆ ತಿರುಗಿದಳು. ಕಂಬದ ಹತ್ತಿರ ಬ್ರಾನ್ವೆನ್ ತಲೆ ಎತ್ತಿದಳು. ಬೆಳಗಿನ ಆ ಸದ್ದು ಯಾರದೆಂದು ಅವಳಿಗೂ, ಎಲ್ಲರಿಗೂ, ಆ ಒಂದೇ ಗಳಿಗೆಯಲ್ಲಿ ಗೊತ್ತಾಯಿತು. ಆಗಲಿ. ಸೌಜನ್ಯಾ ಅವರಾರನ್ನೂ ನೋಡದೆ ಮೊರಾಗಳನ್ನೇ ನೋಡಿದಳು, ಮೂರು ವರ್ಷದವಳು ಕತ್ತಲಲ್ಲಿ ಹೊರಳಿ ಆಯಿಯ ಗಲ್ಲ ಹಿಡಿದು ಕೇಳುತ್ತಿದ್ದಂತೆ, ದನಿಯ ತುದಿಯನ್ನು ಸ್ವಲ್ಪ ಮೇಲಕ್ಕೆತ್ತಿ, ಮುಂದೇನಾಯಿತು ಹೇಳು ಎನ್ನುವಂತೆ, ಮತ್ತೊಮ್ಮೆ: "ಹೂಂ?"

ಮೊರಾಗಳ ಮುಖದಲ್ಲಿ ಏನೋ ಸರಿದು ತನ್ನ ಜಾಗಕ್ಕೆ ಕೂತಿತು. ಕತೆಗಾರರಿಗೆ ಮಾತ್ರ ಇರುವ ಒಂದು ಬಿಂಕ ಹುಬ್ಬಿನಲ್ಲಿ ಕಂಡಿತು. ಒಂಬತ್ತನೆಯ ಸಾಲು ಬಂತು. ತಡವರಿಸಿ ಅಲ್ಲ, ಬೈದ ಹಾಗೆ, ಇಲ್ಲೇ ಇತ್ತಲ್ಲ ಎನ್ನುವ ಹಾಗೆ. ಸೌಜನ್ಯಾ ಹೂಂ ಎಂದಳು, ಬಟ್ಟೆ ಧಪ್ಪೆಂದು ಮೇಜಿಗೆ ಬಿತ್ತು, ಏಳು ಜನರ ಪಲ್ಲವಿ ಎದ್ದಿತು. ಏಳು, ಯಾಕೆಂದರೆ ಬ್ರಾನ್ವೆನ್ ಯಾರನ್ನೂ ಕೇಳದೆ ಬಂದು ತನ್ನ ಅಂಚನ್ನು ಹಿಡಿದು ಕೂತಿದ್ದಳು. ಹತ್ತನೆಯ ಸಾಲಿಗೆ ಹೂಂ ಎರಡಾಗಿತ್ತು, ಒಂದು ನೆಗಡಿಯದು. ಹನ್ನೊಂದಕ್ಕೆ ಮೂರನೆಯ ಬೆಂಚಿನಲ್ಲಿ ಸೆರಗು ಕೆಳಗಿಳಿಯಿತು. ಎಂಬತ್ತನಾಲ್ಕು ವರ್ಷದ, ಬೀಸುಕಲ್ಲಿನ ಮುಂದೆ ಕೂತು ಗಟ್ಟಿಯಾದ ಆ ಹೂಂ ನಾಗಲಿಂಗಪ್ಪನ 'ಅವ್ವಾ' ಎಂಬ ಪಿಸುಮಾತಿನ ಮೇಲೆಯೇ ಹಾದು ಬಂದು ಮೇಜಿನ ಮೇಲೆ ಬಿತ್ತು. ಆಮೇಲೆ ಯಾರು ಯಾರು ಅಂದರೋ. ಹಿಂದಿನ ಬೆಂಚುಗಳಿಂದ, ಬಾಗಿಲ ಹತ್ತಿರದ ಟಿಕೆಟ್ಟಿನ ಹೆಂಗಸಿನಿಂದ, ಎಲ್ಲ ಕಡೆಯಿಂದ. ಮೊರಾಗ್ ಈಗ ಬೇಕೆಂದೇ ನಿಲುಗಡೆಗಳನ್ನು ಎಳೆಯುತ್ತಿದ್ದಳು, ಮುದಿ ಬೆಕ್ಕಿನಂತೆ, ಇನ್ನೂರು ಜನರನ್ನು ಒಂದು ಉಸಿರಿನ ತುದಿಯಲ್ಲಿ ನಿಲ್ಲಿಸಿ, ಬಿಟ್ಟು, ಮತ್ತೆ ನಿಲ್ಲಿಸಿ. ಸೌಜನ್ಯಾಳ ಎದೆಯಿಂದ ದನಿ ನೀರಿನಂತೆ ಬರುತ್ತಿತ್ತು. ಕೈ ಉರಿಯುತ್ತಿತ್ತು. ಯಾರ ದನಿ ಯಾವುದೆಂದು ಗೊತ್ತಾಗದ ಆ ಗಳಿಗೆ ಬಂತು. ಆದರೆ ಈ ಸಲ ತನ್ನ ದನಿ ಯಾವುದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅದು ಕಲಸಿಹೋಗಿತ್ತು. ದೋಣಿ ಕಂಡಿತು. ದೋಣಿ ದಡಕ್ಕೆ ಬಂತು. ಕೊನೆಯ ಬಡಿತಕ್ಕೆ ಬಟ್ಟೆಯಿಂದ ಸಿಡಿದ ನೀರು ಮೊದಲ ಸಾಲಿನವರ ಕನ್ನಡಕಗಳ ಮೇಲೆ ಬಿತ್ತು, ಅವರು ಅದನ್ನು ಒರೆಸಿಕೊಳ್ಳದೆ ಎದ್ದು ನಿಂತರು.

ಜನ ಹೋದ ಮೇಲೆ ಕ್ಯಾರನ್ ಮೆಲ್ಲಗೆ ಹೇಳಿದಳು, ಆ ಹಾಡೊಂದನ್ನು ಮಾತ್ರ, ಬರೀ ನಾವೇ, ಮತ್ತೊಮ್ಮೆ ತೆಗೆದುಕೊಳ್ಳೋಣ. ಅಷ್ಟು ದೊಡ್ಡ ಖಾಲಿ, ಮೇಲೆ ಆ ಸದ್ದುಗಳು.

"ಇದೇ ಬಟ್ಟೆ, ಅದೇ ಹಾಡು," ಎಂದಳು ಮೊರಾಗ್, ಕೈ ಒರೆಸಿಕೊಳ್ಳುತ್ತ. "ಆಗೋದಿಲ್ಲ."

"ಬೇರೆ ಬಟ್ಟೆ ತರಿಸ್ತೀನಿ."

"ನನ್ನಮ್ಮ ಬೇರೆಯವಳಾಗ್ತಾಳಾ?" ಆಮೇಲೆ, ಸ್ವಲ್ಪ ತಡೆದು, "ಏನೂ ಇರ್ಲಿಲ್ಲ ಕ್ಯಾರನ್, ತಲೆ ಒಳಗೆ. ಗೋಡೆ. ಈ ಹುಡುಗಿ ಹಾಗೆ ಅಂದಾಗ ಯಾರೋ ಕಾಯ್ತಾ ಇದ್ದಾರೆ ಅಂತ ಗೊತ್ತಾಯ್ತು. ಕಾಯೋರಿದ್ರೆ ಬರುತ್ತೆ. ಖಾಲಿಯೂ ಇರ್ಲಿ, ಸದ್ದೂ ಇರ್ಲಿ."

"ಬೆಳಿಗ್ಗೆಯದೂ ನಂದೇ," ಎಂದಳು ಸೌಜನ್ಯಾ. ಎಲ್ಲರಿಗೂ ಗೊತ್ತಿದ್ದ ಮಾತು. ಆದರೂ ಹೇಳಬೇಕಿತ್ತು, ಬ್ರಾನ್ವೆನ್ ಮುಂದೆ ನಿಂತು. "ಆರೂ ನಂದೇ. ನಿನ್ನನ್ನ ಕಂಬಕ್ಕೆ ಕಳಿಸುವಾಗ ನಾನು ಸುಮ್ಮನಿದ್ದೆ."

ಬ್ರಾನ್ವೆನ್ ಮೂಗು ಒರೆಸಿ, ಟಿಶ್ಯೂವನ್ನು ಸಾವಕಾಶವಾಗಿ ಮಡಚಿದಳು. "ನಾಲ್ಕು ತಾಸು," ಎಂದಳು. "ನಾಲ್ಕು ತಾಸು ನಾನು ಬಾಯಿಂದಲೇ ಉಸಿರಾಡಿದ್ದೀನಿ. ಊಟಾನೂ ಮಾಡಿಲ್ಲ, ಅಗಿಯೋ ಸದ್ದು ಕೇಳುತ್ತೆ ಅಂತ." ನಗು ಬರಲಿಲ್ಲ ಅವಳಿಗೆ, ಸೌಜನ್ಯಾಳ ತೋಳನ್ನು ಗಟ್ಟಿಯಾಗಿ, ನೋವಾಗುವಂತೆ ಚಿವುಟಿದಳು, ಚಿವುಟಿದ ಕೈ ಬಿಡದೆ ಅಲ್ಲೇ ಹಿಡಿದುಕೊಂಡಳು. ಆ ನೋವು ಸೌಜನ್ಯಾಳಿಗೆ ಬಂಗಾರದ ಹಾಗಿತ್ತು.

ಆಯಿ ಅಷ್ಟರಲ್ಲಿ ಮೇಜಿನ ಹತ್ತಿರ ಬಂದು ಬಟ್ಟೆಯನ್ನು ಹೆಬ್ಬೆರಳಿಂದ ತೀಡಿ ನೋಡುತ್ತಿದ್ದಳು. "ಹುಣಚಿಬೀಜದ ಗಂಜಿ ಹಾಕಿದ್ರ ಇಷ್ಟು ಬಡ್ಯೂದ ಬೇಕಿದ್ದಿಲ್ಲ," ಎಂದಳು. ಶಮಂತ್ ಹೆಡ್‌ಫೋನ್ ಕೊರಳಿಗೆ ಹಾಕಿಕೊಂಡು ಬಂದು, "ಅಜ್ಜಿ, ನಿಮ್ಮ ಹೆಸರೇನು?" ಎಂದು ಕೇಳಿದ.

"ಯಾಕಪಾ, ದಂಡಾ ಹಾಕ್ತಿಯೇನ?"

"ಹಾಡಿದವರ ಪಟ್ಟಿಯಲ್ಲಿ ಬರೀಬೇಕಲ್ಲ. ನಿಮ್ಮದು ಎಲ್ಲ ಮೈಕಿನಲ್ಲೂ ಬಂದಿದೆ."

"ಹಂಗಾರ ಕಾಶವ್ವ ಅಂತ ಬರಿ. ದೊಡ್ಡ ಅಕ್ಷರದಾಗ ಬರಿ, ನನಗ ಕಣ್ಣು ಕಾಣಂಗಿಲ್ಲ."

ಮನೆಗೆ ಹೋಗುವಾಗ ಸೌತ್‌ಹಾಲ್ ಬ್ರಾಡ್‌ವೇಯಲ್ಲಿ ಶನಿವಾರದ ಸಂಜೆಯ ಗಾಡಿಗಳು ಅಲುಗಾಡುತ್ತಿರಲಿಲ್ಲ. ಜಿಲೇಬಿಯ ಎಣ್ಣೆಯ ವಾಸನೆ ಕಿಟಕಿಯಿಂದ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಆಯಿ ಮೊಮ್ಮಗಳ ಬೋಳು ಮಣಿಕಟ್ಟನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದಳು. ಬಿಸಿಲು ಅಂಗಡಿಗಳ ಮೇಲೆ ಅಡ್ಡ ಬಿದ್ದು ಪ್ರತಿ ಗಾಜಿನಲ್ಲೂ ಒಂದೊಂದು ಹೊಳೆ ನಡುಗುತ್ತಿತ್ತು.

"ಆಕಿ ಕಂಬಳಿ ಹೊತ್ತು ದಂಡಿಗೆ ಬಂದು ನಿಂತ್ಲು," ಎಂದಳು ಆಯಿ, ಯಾರಿಗೂ ಅಲ್ಲದ ಹಾಗೆ. ಅಲ್ಲಿಗೆ ಮಾತು ನಿಲ್ಲಿಸಿದಳು.

"ಹೂಂ," ಎಂದ ಮುಂದಿನ ಸೀಟಿನಿಂದ ನಾಗಲಿಂಗಪ್ಪ.

"ನೀ ಗಾಡಿ ನೋಡಿ ಹೊಡಿ. ನಿನಗಲ್ಲ."

ಸೌಜನ್ಯಾ ತಕ್ಷಣ ಅನ್ನಲಿಲ್ಲ. ಐದು ತಿಂಗಳಿನಿಂದ ಬೆನ್ನಷ್ಟೇ ಕಾಣುತ್ತಿದ್ದ ಹುಡುಗಿ ಹೆಗಲ ಮೇಲಿನ ಭಾರವನ್ನು ಒಂದು ಸಲ ಸರಿಮಾಡಿಕೊಂಡು, ಮೆಲ್ಲಗೆ ಈ ಕಡೆ ತಿರುಗುತ್ತಿದ್ದಳು. ಮುಖ ಪೂರ್ತಿ ಕಾಣುವ ತನಕ ಕಾದಳು. ಆಮೇಲೆ ಎದೆ ತುಂಬ ಉಸಿರು ಎಳೆದುಕೊಂಡು, ಚರ್ಚಿನಲ್ಲಿ ಅಂದದ್ದಕ್ಕಿಂತ ಗಟ್ಟಿಯಾಗಿ, ಪಕ್ಕದ ಬಸ್ಸಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ, "ಹೂಂ," ಎಂದಳು.

ಆಯಿ ಕಂಬಳಿ ಬಿಚ್ಚಿದಳು.